84ನ್ನು ಒಡೆಯೋದು ಹೇಗೆ? ಅವಿಭಾಜ್ಯ ಅಪವರ್ತನಗಳ ಮೊದಲ ಪ್ರೋಗ್ರಾಂ

ಮೊದಲೇ ಒಂದು ತಪ್ಪೊಪ್ಪಿಗೆ. ಎಲ್‌ಕೆಜಿಯಿಂದ ಪಿಯುಸಿವರೆಗೆ ನಾನು ಓದಿದ್ದು ಇಂಗ್ಲಿಷ್ ಮೀಡಿಯಂ. ಕನ್ನಡ ಮನೆಯಲ್ಲಿ ಮಾತಾಡೋಕೆ, ಸ್ಕೂಲಲ್ಲಿ ಒಂದು ಸಬ್ಜೆಕ್ಟ್ ಪಾಸಾಗೋಕೆ, ಅಷ್ಟೇ. ಈ ಲೇಖನದಲ್ಲಿ ಒತ್ತಕ್ಷರ ಸರಿಯಾಗಿದ್ದರೆ ಅದರ ಪುಣ್ಯ ನಮ್ಮ ಕನ್ನಡ ಸಂಘದ ಸಂಪಾದಕರಿಗೆ, ತಪ್ಪಿದ್ದರೆ ನನಗೆ.

ಇದನ್ನ ಬರೆಯೋಕೆ ಕಾರಣ ಹಾಸ್ಟೆಲ್‌ನ ಒಬ್ಬ ಜೂನಿಯರ್. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಮರುದಿನ ಲ್ಯಾಬ್ ಇಂಟರ್ನಲ್ಸ್, ರಾತ್ರಿ ಹತ್ತೂವರೆಗೆ ನನ್ನ ರೂಮಿಗೆ ಬಂದ. ಕೈಯಲ್ಲಿ ರೆಕಾರ್ಡ್ ಪುಸ್ತಕ. ಅವನು ಪ್ರೋಗ್ರಾಮನ್ನ ಸಾಲು ಸಾಲಾಗಿ ಬಾಯಿಪಾಠ ಮಾಡ್ತಿದ್ದ, ಸೆಮಿಕೋಲನ್ ಸಮೇತ, ಮಗ್ಗಿ ಹೇಳಿದ ಹಾಗೆ. "ಅಣ್ಣಾ, ಇದು ಏನು ಮಾಡತ್ತೆ ಅಂತ ಕನ್ನಡದಲ್ಲಿ ಒಂದ್ಸಲ ಹೇಳಿಬಿಡಿ ಸಾಕು" ಅಂದ. ಕೊಟ್ಟ ಸಂಖ್ಯೆಯ ಪ್ರೈಮ್ ಫ್ಯಾಕ್ಟರ್ ಕಂಡುಹಿಡಿಯೋ ಪ್ರೋಗ್ರಾಂ. ಫಸ್ಟ್ ಇಯರಲ್ಲಿ ಅದೇ ಪ್ರೋಗ್ರಾಮಿಗೆ ನನಗೆ ಪೂರ್ತಿ ಮಾರ್ಕ್ಸ್ ಬಂದಿತ್ತು. ಹಾಗಾಗಿ ಧೈರ್ಯವಾಗಿ ಕೂತೆ.

ಹಳೇ ಫೋಲ್ಡರ್ ಹುಡುಕಿ ನನ್ನ ಪ್ರೋಗ್ರಾಂ ತೆಗೆದೆ, ರನ್ ಮಾಡಿದೆ. ಅವನು ತನ್ನ ರೂಮ್ ನಂಬರ್ 84 ಅಂತ ಟೈಪ್ ಮಾಡಿದ. ಪರದೆ ಮೇಲೆ 2, 3, 7 ಬಂತು. ಆಮೇಲೆ ಏನೂ ಇಲ್ಲ. ಕರ್ಸರ್ ಮಿನುಗ್ತಾ ಕೂತಿದೆ. ಪ್ರೋಗ್ರಾಂ ಮುಗಿದಿಲ್ಲ, ಉತ್ತರವೂ ಸರಿಯಿಲ್ಲ, ಯಾಕಂದ್ರೆ 2 × 3 × 7 ಅಂದ್ರೆ 42, 84 ಅಲ್ಲ. ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿದೆ. ಲ್ಯಾಬಲ್ಲಿ ನಮಗೆ ಚೆಕ್ ಮಾಡಿದ್ದು 30 ಹಾಕಿ. 30ಕ್ಕೆ 2, 3, 5 ಚೆನ್ನಾಗಿ ಬರತ್ತೆ. ಒಂದು ವರ್ಷ ನಾನು ತಪ್ಪು ಪ್ರೋಗ್ರಾಮಿನ ಮೇಲೆ ಪೂರ್ತಿ ಮಾರ್ಕ್ಸ್ ಇಟ್ಕೊಂಡು ಓಡಾಡಿದ್ದೆ.

ಆ ರಾತ್ರಿ ಇಬ್ಬರೂ ಸೇರಿ ಮೊದಲಿಂದ ಬರೆದ್ವಿ. ಅದನ್ನೇ ಇಲ್ಲಿ ಬರೀತಿದ್ದೀನಿ.

ಮೊದಲು ಪದಗಳು. ಪ್ರೈಮ್ ನಂಬರಿಗೆ ಕನ್ನಡದಲ್ಲಿ ಅವಿಭಾಜ್ಯ ಸಂಖ್ಯೆ. 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ, 1ಕ್ಕಿಂತ ದೊಡ್ಡ ಸಂಖ್ಯೆ: 2, 3, 5, 7, 11, 13 ಹೀಗೆ. ಫ್ಯಾಕ್ಟರ್ ಅಂದ್ರೆ ಅಪವರ್ತನ. ರಿಮೈಂಡರ್ ಶೇಷ. ಈ ಪದಗಳು ನನಗೆ ಹೊಸದು, ಅವನಿಗೆ ಏಳನೇ ಕ್ಲಾಸಿಂದ ಗೊತ್ತು. ನಿಜ ಹೇಳ್ಬೇಕಂದ್ರೆ 'ಅವಿಭಾಜ್ಯ' ಅನ್ನೋ ಪದ ಪ್ರೈಮ್‌ಗಿಂತ ಒಳ್ಳೇದು. ಅರ್ಥ ಪದದ ಒಳಗೇ ಇದೆ, ವಿಭಾಗ ಆಗಲ್ಲ. ಅಂದಹಾಗೆ ಕನ್ನಡದಲ್ಲಿ ಗಣಿತ ಬರೆಯೋದು ನಮ್ಮ ಸಂಘದ ಹೊಸ ಹುಚ್ಚೇನಲ್ಲ, 12ನೇ ಶತಮಾನದಲ್ಲೇ ರಾಜಾದಿತ್ಯ 'ವ್ಯವಹಾರಗಣಿತ' ಬರೆದಿದ್ದ.

1ಕ್ಕಿಂತ ದೊಡ್ಡದಾದ ಯಾವುದೇ ಪೂರ್ಣಸಂಖ್ಯೆಯನ್ನ ಅವಿಭಾಜ್ಯಗಳ ಗುಣಲಬ್ಧವಾಗಿ ಬರೀಬಹುದು, ಮತ್ತು ಅದು ಒಂದೇ ರೀತಿಯಲ್ಲಿ ಸಾಧ್ಯ. ಕ್ರಮ ಬದಲಾಯಿಸಬಹುದು ಅಷ್ಟೇ. 84 ಅಂದ್ರೆ 2 × 2 × 3 × 7, ಅದಕ್ಕೆ ಬೇರೆ ಜಾತಕ ಇಲ್ಲ. ಈ ಪ್ರಮೇಯವನ್ನ ಸ್ಪಷ್ಟವಾಗಿ ಹೇಳಿ ಸಾಧಿಸಿದ್ದು ಗೌಸ್, 1801ರಲ್ಲಿ. ಅದಕ್ಕೆ ಬೇಕಾದ ಮುಖ್ಯ ಎಳೆ ಯೂಕ್ಲಿಡ್‌ನ ಏಳನೇ ಪುಸ್ತಕದಲ್ಲೇ ಇತ್ತು. ನಮಗೆ ಇದರಿಂದ ಒಂದು ಲಾಭ: ಉತ್ತರ ಒಂದೇ ಇರೋದ್ರಿಂದ ಹೇಗೆ ಹುಡುಕಿದ್ರೂ ಅಲ್ಲಿಗೇ ಬರ್ತೀವಿ. ಹಾಗಾದ್ರೆ ಸುಲಭವಾದ ದಾರಿಯಲ್ಲೇ ಹುಡುಕೋಣ.

ಪೇಪರಲ್ಲಿ ಹೇಗೆ ಮಾಡ್ತಿದ್ವಿ? ಎಡಗಡೆ 2 ಬರೆದು ಗೀಟು ಎಳೆದು 84, ಕೆಳಗೆ 42, ಮತ್ತೆ 2, ಕೆಳಗೆ 21, ಇನ್ನು 2 ಹೋಗಲ್ಲ, 3 ಹಾಕು, 7, ಆಮೇಲೆ 7 ಹಾಕು, 1. ಮುಗೀತು. ಲಸಾಅ ಮಸಾಅ ಮಾಡುವಾಗ ಹಾಕಿದ ಅದೇ ಏಣಿ. ಪ್ರೋಗ್ರಾಂ ಅಂದ್ರೆ ಈ ಏಣಿಯನ್ನ ಕಂಪ್ಯೂಟರಿಗೆ ಅರ್ಥ ಆಗೋ ಹಾಗೆ ಹೇಳೋದು. 'ಸಂ' ಅಂದ್ರೆ ಒಡೆಯಬೇಕಾದ ಸಂಖ್ಯೆ, 'ಭಾ' ಅಂದ್ರೆ ಭಾಜಕ:

ಸಂ = ಬಳಕೆದಾರ ಕೊಟ್ಟ ಸಂಖ್ಯೆ
ಭಾ = 2
ಸಂ > 1 ಇರುವವರೆಗೆ:
    ಸಂ % ಭಾ == 0 ಆದರೆ:
        ಭಾ ಮುದ್ರಿಸು
        ಸಂ = ಸಂ // ಭಾ
    ಇಲ್ಲದಿದ್ದರೆ:
        ಭಾ = ಭಾ + 1

ಶೇಕಡಾ ಚಿಹ್ನೆ ಶೇಷ ಕೊಡತ್ತೆ. ಎರಡು ಓರೆಗೀಟು ಅಂದ್ರೆ ಪೂರ್ಣಾಂಕ ಭಾಗಾಕಾರ, ದಶಮಾಂಶ ಬೇಡ ಅಂತ. 'ಇರುವವರೆಗೆ' ಜಾಗದಲ್ಲಿ ವೈಲ್, 'ಆದರೆ' ಜಾಗದಲ್ಲಿ ಇಫ್, 'ಇಲ್ಲದಿದ್ದರೆ' ಜಾಗದಲ್ಲಿ ಎಲ್ಸ್, 'ಮುದ್ರಿಸು'ಗೆ ಪ್ರಿಂಟ್ ಹಾಕಿದ್ರೆ ಇದು ಹೆಚ್ಚುಕಡಿಮೆ ಪೈಥಾನ್. ತಮಾಷೆ ಏನಂದ್ರೆ, ಪೈಥಾನ್ 3ರಲ್ಲಿ ವೇರಿಯೇಬಲ್ ಹೆಸರುಗಳು ಕನ್ನಡದಲ್ಲೇ ಇರಬಹುದು. 'ಸಂ', 'ಭಾ' ಅಂತಲೇ ಟೈಪ್ ಮಾಡಿ, ಓಡತ್ತೆ. ಕೀವರ್ಡ್ ಮಾತ್ರ ಇಂಗ್ಲಿಷಲ್ಲೇ ಇರಬೇಕು. ಇದು ಗೊತ್ತಾದ ಮೇಲೆ ನಮ್ಮ ಹುಡುಗ ಎಲ್ಲಾ ವೇರಿಯೇಬಲ್ಲಿಗೂ ಕನ್ನಡ ಹೆಸರು ಇಡೋಕೆ ಶುರು ಮಾಡಿದ, ನಾನೇ ತಡೀಬೇಕಾಯ್ತು. ಪರೀಕ್ಷೆ ಇದ್ದಿದ್ದು ಸಿ ಭಾಷೆಯಲ್ಲಿ.

84 ಹಾಕಿ ಕೈಯಲ್ಲೇ ಓಡಿಸಿ ನೋಡಿ. ಭಾ 2: ಶೇಷ 0, 2 ಮುದ್ರಣ, ಸಂ 42. ಭಾ ಇನ್ನೂ 2 ಅನ್ನೋದನ್ನ ಗಮನಿಸಿ. ಮತ್ತೆ ಶೇಷ 0, 2 ಮುದ್ರಣ, ಸಂ 21. ಈಗ ಶೇಷ 1, ಭಾ 3 ಆಗತ್ತೆ. ಶೇಷ 0, 3 ಮುದ್ರಣ, ಸಂ 7. ಆಮೇಲೆ ಭಾ 4, 5, 6 ಅಂತ ಸುಮ್ಮನೆ ಏರತ್ತೆ. ಭಾ 7 ಆದಾಗ ಶೇಷ 0, 7 ಮುದ್ರಣ, ಸಂ 1. ನಿಂತಿತು.

ನನ್ನ ಹಳೇ ಪ್ರೋಗ್ರಾಮಿನ ರೋಗ ಈ 'ಇಲ್ಲದಿದ್ದರೆ'ಯಲ್ಲಿತ್ತು. ಅದನ್ನ ನಾನು ಹಾಕಿರಲಿಲ್ಲ. ಭಾಗ ಹೋಗಲಿ ಬಿಡಲಿ, ಪ್ರತಿ ಸುತ್ತಿನಲ್ಲೂ ಭಾ ಒಂದು ಹೆಚ್ಚಾಗ್ತಿತ್ತು. 84 ಅನ್ನು 2ರಿಂದ ಭಾಗಿಸಿ 42, ತಕ್ಷಣ 3ಕ್ಕೆ ಹೋಗಿ 14, ಮುಂದೆ 7ರಿಂದ 2. ಈಗ ಉಳಿದಿದ್ದು 2, ಆದರೆ ಭಾ ಆಗಲೇ 8. ಮುಂದೆ 9, 10, 11 ಅಂತ ಮೇಲೆ ಮೇಲೆ ಹೋಗ್ತಾನೇ ಇದೆ, ಕೆಳಗೆ ಬಿದ್ದಿರೋ 2ನ್ನ ಯಾರೂ ತಿರುಗಿ ನೋಡಲ್ಲ. 30ರಲ್ಲಿ ಯಾವ ಅಪವರ್ತನವೂ ಎರಡು ಸಲ ಬರಲ್ಲ, ಅದಕ್ಕೇ ಅಲ್ಲಿ ಸಿಕ್ಕಿಬಿದ್ದಿರಲಿಲ್ಲ. ಲ್ಯಾಬಲ್ಲಿ 12 ಅಂತ ಹಾಕಿದ್ರೂ ಸಾಕಿತ್ತು, ನನ್ನ ಬಂಡವಾಳ ಬಯಲಾಗ್ತಿತ್ತು.

ಇಷ್ಟು ಸರಿಮಾಡಿ ನಾನು ಬೀಗ್ತಿರುವಾಗ ಅವನು ಒಂದು ಪ್ರಶ್ನೆ ಕೇಳಿದ. "ಅಣ್ಣಾ, ಭಾ ಅವಿಭಾಜ್ಯ ಹೌದೋ ಅಲ್ವೋ ಅಂತ ನಾವು ಎಲ್ಲೂ ಚೆಕ್ ಮಾಡಿಲ್ಲ. 4, 6 ಎಲ್ಲ ಟ್ರೈ ಮಾಡ್ತಿದ್ದೀವಿ. ಆದ್ರೂ ಬರೀ ಅವಿಭಾಜ್ಯಗಳೇ ಹೇಗೆ ಪ್ರಿಂಟ್ ಆಗ್ತವೆ?"

ನನಗೆ ಉತ್ತರ ಗೊತ್ತಿರಲಿಲ್ಲ. ಇಂಗ್ಲಿಷಲ್ಲಿ ಯಾರಾದ್ರೂ ಕೇಳಿದ್ರೆ "ಇಟ್ ಈಸ್ ಆಬ್ವಿಯಸ್" ಅಂತ ಹೇಳಿ ಜಾರ್ಕೊಳ್ತಿದ್ನೇನೋ. ಕನ್ನಡದಲ್ಲಿ ಹಾಗೆ ಜಾರೋಕೆ ಒಂದು ಪದ ತಕ್ಷಣ ಸಿಗಲಿಲ್ಲ, ಅದಕ್ಕೇ ಯೋಚನೆ ಮಾಡಬೇಕಾಯ್ತು. ಸ್ವಲ್ಪ ಹೊತ್ತಾದ ಮೇಲೆ ಅವನೇ ಹೇಳಿದ: "ಅಮ್ಮ ಅಕ್ಕಿ ಜರಡಿ ಹಿಡಿದ ಹಾಗಾ? ಸಣ್ಣದೆಲ್ಲ ಮೊದಲೇ ಉದುರಿ ಹೋಗಿರತ್ತೆ."

ಹಾಗೇ. ಭಾ 4ಕ್ಕೆ ಬರೋ ಹೊತ್ತಿಗೆ ಸಂಖ್ಯೆಯಲ್ಲಿದ್ದ ಎಲ್ಲಾ 2ಗಳನ್ನೂ ನಾವು ತೆಗೆದಾಗಿದೆ. 2 ಹೋಗದೆ ನಾವು 3ಕ್ಕೆ ಬರೋದೇ ಇಲ್ಲ. ಒಂದೂ 2 ಉಳಿಯದ ಸಂಖ್ಯೆ 4ರಿಂದ ಭಾಗ ಆಗೋದು ಹೇಗೆ? 6ರ ಕಥೆಯೂ ಅಷ್ಟೇ, ಅದಕ್ಕೆ 2 ಮತ್ತು 3 ಎರಡೂ ಬೇಕು. ಸಾಮಾನ್ಯವಾಗಿ ಹೇಳೋದಾದ್ರೆ: ಭಾ ಒಂದು ಸಂಯುಕ್ತ ಸಂಖ್ಯೆ ಅಂದ್ಕೊಳ್ಳಿ. ಅದಕ್ಕೆ ತನಗಿಂತ ಚಿಕ್ಕದಾದ ಒಂದು ಅವಿಭಾಜ್ಯ ಅಪವರ್ತನ ಇರಲೇಬೇಕು. ಭಾ ಈಗ ಸಂಖ್ಯೆಯನ್ನ ಭಾಗಿಸಿದ್ರೆ ಆ ಚಿಕ್ಕದೂ ಭಾಗಿಸಬೇಕು. ಆದರೆ ಆ ಚಿಕ್ಕದರ ಸರದಿ ಮುಗಿದು, ಅದು ಇನ್ನು ಹೋಗಲ್ಲ ಅಂತ ಗೊತ್ತಾದ ಮೇಲೇ ನಾವು ಮುಂದೆ ಬಂದಿದ್ದು. ಹಾಗಾಗಿ ಸಂಯುಕ್ತ ಸಂಖ್ಯೆ ಯಾವತ್ತೂ ಭಾಗಿಸಲ್ಲ. ಭಾಗಿಸಿದ್ದೆಲ್ಲ ಅವಿಭಾಜ್ಯವೇ. ಚಿಕ್ಕದರಿಂದ ದೊಡ್ಡದಕ್ಕೆ ಹೋಗೋದು, ಭಾಗ ಹೋಗುವಷ್ಟು ಸಲ ಅಲ್ಲೇ ನಿಲ್ಲೋದು, ಈ ಎರಡು ಸೇರಿದ್ರೆ ಬೇರೆ ಚೆಕ್ ಬೇಡ. ವೈವಾದಲ್ಲಿ ಕೇಳೋ ಪ್ರಶ್ನೆ ಇದೇ ಅಂತ ಈಗ ನನ್ನ ನಂಬಿಕೆ.

ಭಾ ಯಾಕೆ 2ರಿಂದ ಶುರು, 1ರಿಂದ ಯಾಕಲ್ಲ ಅಂತಲೂ ಕೇಳಬಹುದು. 1 ಹಾಕಿ ನೋಡಿ. ಶೇಷ ಯಾವಾಗಲೂ 0, ಭಾಗಿಸಿದ್ರೂ ಸಂಖ್ಯೆ ಇದ್ದಲ್ಲೇ ಇರತ್ತೆ. ಪರದೆ ತುಂಬಾ 1, 1, 1.

ಈಗ ವೇಗದ ವಿಷಯ. ರಾಜ್ಯೋತ್ಸವದ ಪೋಸ್ಟರ್ ಗೋಡೆ ಮೇಲಿತ್ತು, ಅದರಿಂದ ಎರಡು ಇಸವಿ ತಗೊಂಡ್ವಿ. 1956, ರಾಜ್ಯ ಒಂದಾದ ವರ್ಷ. 1973, ಹೆಸರು ಕರ್ನಾಟಕ ಆದ ವರ್ಷ. 1956ಕ್ಕೆ 2, 2, 3, 163 ಬಂತು. 1973ಕ್ಕೆ ಬರೀ 1973 ಬಂತು. ಅದು ಅವಿಭಾಜ್ಯ! (ಸಂಘದ ಮುಂದಿನ ರಾಜ್ಯೋತ್ಸವ ಭಾಷಣಕ್ಕೆ ಯಾರಾದ್ರೂ ಇದನ್ನ ಬಳಸಿಕೊಳ್ಳಬಹುದು, ನನ್ನ ಅಭ್ಯಂತರ ಇಲ್ಲ.) ಆದರೆ ಅದನ್ನ ತಿಳಿಯೋಕೆ ಪ್ರೋಗ್ರಾಂ 2ರಿಂದ 1973ವರೆಗೆ ಒಂದೊಂದನ್ನೂ ನೋಡ್ತು, 1972 ಭಾಗಾಕಾರ. ಇಷ್ಟು ಬೇಕಾ?

ಬೇಡ. ಒಂದು ಸಂಖ್ಯೆ ಎರಡು ಸಂಖ್ಯೆಗಳ ಗುಣಲಬ್ಧ ಆಗಿದ್ರೆ ಎರಡೂ ಅದರ ವರ್ಗಮೂಲಕ್ಕಿಂತ ದೊಡ್ಡದಿರೋಕೆ ಆಗಲ್ಲ. ಎರಡೂ ದೊಡ್ಡದಾದ್ರೆ ಗುಣಿಸಿದಾಗ ಮೂಲ ಸಂಖ್ಯೆಯನ್ನೇ ಮೀರತ್ತೆ. 44 × 44 ಅಂದ್ರೆ 1936, 45 × 45 ಅಂದ್ರೆ 2025. ಹಾಗಾಗಿ 1973ಕ್ಕೆ 44ವರೆಗೆ ಯಾರೂ ಸಿಗದಿದ್ರೆ ಇನ್ನು ಯಾರೂ ಸಿಗಲ್ಲ. 43 ಭಾಗಾಕಾರ ಸಾಕು. ಬದಲಾವಣೆ ಒಂದೇ ಸಾಲು, ಜೊತೆಗೆ ಕೊನೆಯಲ್ಲಿ ಎರಡು ಸಾಲು:

ಭಾ * ಭಾ <= ಸಂ ಇರುವವರೆಗೆ:
    ಸಂ % ಭಾ == 0 ಆದರೆ:
        ಭಾ ಮುದ್ರಿಸು
        ಸಂ = ಸಂ // ಭಾ
    ಇಲ್ಲದಿದ್ದರೆ:
        ಭಾ = ಭಾ + 1
ಸಂ > 1 ಆದರೆ:
    ಸಂ ಮುದ್ರಿಸು

ಕೊನೆಯ ಎರಡು ಸಾಲನ್ನ ಮರೆಯೋದು ತುಂಬಾ ಸುಲಭ. ನಾವು ಮರೆತ್ವಿ. 84ಕ್ಕೆ 2, 2, 3 ಬಂತು, 7 ಕಾಣೆ. 1973ಕ್ಕೆ ಖಾಲಿ ಪರದೆ. ಲೂಪ್ ನಿಂತಾಗ ಉಳಿದಿರೋ ಸಂಖ್ಯೆ 1 ಅಲ್ಲದಿದ್ರೆ ಅದೇ ಕೊನೆಯ ಅವಿಭಾಜ್ಯ, ಅದನ್ನೂ ಮುದ್ರಿಸಬೇಕು. ಇನ್ನೊಂದು ಸೊಗಸು ನೋಡಿ, ಸಂ ಪ್ರತಿ ಸಲ ಕುಗ್ಗತ್ತೆ, ಅದರ ಜೊತೆ ಗಡಿಯೂ ಕುಗ್ಗತ್ತೆ. 1956ರ ವರ್ಗಮೂಲ 44ರ ಹತ್ತಿರ. ಆದರೆ 2, 2, 3 ತೆಗೆದ ಮೇಲೆ ಉಳಿದಿದ್ದು 163, ಈಗ 12ವರೆಗೆ ನೋಡಿದ್ರೆ ಸಾಕು.

ಇದಾದ ಮೇಲೆ ಹುಡುಗನಿಗೆ ದೊಡ್ಡ ಸಂಖ್ಯೆ ಹಾಕೋ ಆಸೆ. ಅದಕ್ಕೆ ಒಂದು ಒಳ್ಳೇ ಸಂಖ್ಯೆ ಇದೆ. 2ರ 32ನೇ ಘಾತಕ್ಕೆ 1 ಕೂಡಿಸಿ, 4294967297. 17ನೇ ಶತಮಾನದಲ್ಲಿ ಫರ್ಮಾ ಇಂಥ ರೂಪದ ಸಂಖ್ಯೆಗಳೆಲ್ಲ ಅವಿಭಾಜ್ಯ ಅಂತ ನಂಬಿದ್ದ. 3, 5, 17, 257, 65537 ಎಲ್ಲ ಹೌದು. ಮುಂದಿನದೇ ಇದು. 1732ರಲ್ಲಿ ಆಯ್ಲರ್ ಇದು 641ರಿಂದ ಭಾಗ ಆಗತ್ತೆ ಅಂತ ತೋರಿಸಿದ.

ಸಿ ಭಾಷೆಯಲ್ಲಿ ಹಾಕಿದ್ವಿ. ಏನೂ ಬರಲಿಲ್ಲ. ಖಾಲಿ. ಸಂ ಎಷ್ಟು ಅಂತ ಪ್ರಿಂಟ್ ಮಾಡಿದ್ರೆ 1 ಅಂತ ತೋರಿಸ್ತು. ಇಬ್ಬರೂ ಮುಖ ಮುಖ ನೋಡ್ಕೊಂಡ್ವಿ. ವಿಷಯ ಇಷ್ಟೇ: ನಮ್ಮ ಲ್ಯಾಪ್‌ಟಾಪಲ್ಲಿ ಇಂಟ್ ಅಂದ್ರೆ 32 ಬಿಟ್, ಅದರಲ್ಲಿ ಹಿಡಿಯೋ ಅತಿ ದೊಡ್ಡ ಸಂಖ್ಯೆ 2147483647. 2ರ 32ನೇ ಘಾತ ಅಷ್ಟೂ ಆಚೆ ಚೆಲ್ಲಿ ಹೋಯ್ತು, ಪಾತ್ರೆಯಲ್ಲಿ ಉಳಿದಿದ್ದು ಆ ಕೂಡಿಸಿದ 1 ಮಾತ್ರ. ಇಂಟ್ ಬದಲು ಲಾಂಗ್ ಲಾಂಗ್ ಹಾಕಿದ್ವಿ, ಓದೋ ಸಾಲಲ್ಲೂ ಅದಕ್ಕೆ ತಕ್ಕ ಗುರುತು ಬದಲಾಯಿಸಿದ್ವಿ. ಎಂಟರ್ ಒತ್ತೋ ಮೊದಲೇ ಉತ್ತರ ಬಂದ ಹಾಗಾಯ್ತು: 641, 6700417. ಪ್ರೋಗ್ರಾಂ ಭಾ 2588ವರೆಗೆ ಮಾತ್ರ ಹೋಗಿತ್ತು. ಆಯ್ಲರ್ ಇನ್ನೂ ಜಾಣ. ಈ ಸಂಖ್ಯೆಗೆ ಅವಿಭಾಜ್ಯ ಭಾಜಕ ಇದ್ದರೆ ಅದು 64ರ ಗುಣಕಕ್ಕೆ 1 ಕೂಡಿದ ರೂಪದಲ್ಲೇ ಇರಬೇಕು ಅಂತ ಸಾಧಿಸಿದ. ಅಂಥ ಅವಿಭಾಜ್ಯಗಳು 193, 257, 449, 577, 641. ಐದನೇದಕ್ಕೇ ಸಿಕ್ತು.

ಇಂಟ್ ಇಟ್ಕೊಂಡೇ ಇದ್ರೆ ಇನ್ನೊಂದು ಗುಂಡಿ ಇದೆ, ಅದಂತೂ ಇನ್ನೂ ಮೋಸದ್ದು. 2147483647 ಹಾಕಿ. ಅದು ಇಂಟ್‌ನಲ್ಲಿ ಹಿಡಿಯತ್ತೆ, ಅವಿಭಾಜ್ಯವೂ ಹೌದು. ಭಾ 46340 ದಾಟಿದ ತಕ್ಷಣ ನಿಲ್ಲಬೇಕು. ಆದರೆ 46341 × 46341 ಅಂದ್ರೆ 2147488281, ಇಂಟ್‌ಗೆ ಹಿಡಿಯಲ್ಲ. ಚೆಲ್ಲಿ ಸಾಮಾನ್ಯವಾಗಿ ಋಣ ಸಂಖ್ಯೆ ಆಗತ್ತೆ, ಋಣ ಸಂಖ್ಯೆ ಸಂಗಿಂತ ಚಿಕ್ಕದು ತಾನೇ, ಹಾಗಾಗಿ ಲೂಪ್ ನಿಲ್ಲಲ್ಲ. ಇಲ್ಲಿ ಹೀಗೇ ಆಗತ್ತೆ ಅಂತ ಸಿ ಭಾಷೆಯ ನಿಯಮ ಗ್ಯಾರಂಟಿ ಕೊಡಲ್ಲ ಅನ್ನೋದು ಬೇರೆ. ಪರಿಹಾರ ಸರಳ: ಭಾ * ಭಾ <= ಸಂ ಬದಲು ಭಾ <= ಸಂ / ಭಾ ಅಂತ ಬರೀರಿ. ಭಾಗಿಸಿದ್ರೆ ಏನೂ ಚೆಲ್ಲಲ್ಲ.

ಪೈಥಾನಲ್ಲಿ ಈ ಚೆಲ್ಲಾಟ ಇಲ್ಲ, ಪಾತ್ರೆ ತಾನೇ ದೊಡ್ಡದಾಗತ್ತೆ. ಅಲ್ಲಿನ ತಪ್ಪು ಬೇರೆ ಥರ. ಎರಡು ಓರೆಗೀಟಿನ ಬದಲು ಒಂದೇ ಹಾಕಿದ್ರೆ 84 / 2 ಅಂದ್ರೆ 42.0, ಕೊನೆಗೆ ಉತ್ತರದಲ್ಲಿ 7.0 ಅಂತ ಬರತ್ತೆ. ಸಣ್ಣ ಸಂಖ್ಯೆಗೆ ನೋಡೋಕೆ ಅಸಹ್ಯ ಅಷ್ಟೇ, ಬೆಲೆ ಸರಿಯೇ. ಆದರೆ 2ರ 53ನೇ ಘಾತ, ಅಂದ್ರೆ 9007199254740992 ದಾಟಿದ ಮೇಲೆ ದಶಮಾಂಶ ರೂಪದಲ್ಲಿ ಎಲ್ಲಾ ಪೂರ್ಣಸಂಖ್ಯೆಗಳಿಗೂ ಜಾಗ ಇಲ್ಲ, ಹತ್ತಿರದ ಇನ್ನೊಂದಕ್ಕೆ ಜರುಗಿಬಿಡತ್ತೆ. ತಪ್ಪು ಉತ್ತರ ಬರಬಹುದು, ಎರರ್ ಮಾತ್ರ ಬರಲ್ಲ.

ಇನ್ನೂ ವೇಗ ಬೇಕಾದ್ರೆ 2ನ್ನ ಮೊದಲೇ ಬೇರೆ ಲೂಪಲ್ಲಿ ತೆಗೆದು, ಆಮೇಲೆ 3, 5, 7, 9 ಅಂತ ಬೆಸ ಸಂಖ್ಯೆ ಮಾತ್ರ ನೋಡಬಹುದು. ಕೆಲಸ ಅರ್ಧ ಆಗತ್ತೆ. ಆದರೆ 'ಸಂ % 2 == 0 ಇರುವವರೆಗೆ' ಅಂತ ಬರೆದಾಗ ಯಾರಾದ್ರೂ 0 ಕೊಟ್ರೆ? 0ಯನ್ನ 2ರಿಂದ ಭಾಗಿಸಿದ್ರೆ 0, ಶೇಷ 0. ಮುಗಿಯೋದೇ ಇಲ್ಲ, ಪರದೆ ತುಂಬಾ 2. ಅದಕ್ಕೆ ಮೊದಲ ಸಾಲಲ್ಲೇ 2ಕ್ಕಿಂತ ಚಿಕ್ಕ ಸಂಖ್ಯೆ ಬಂದ್ರೆ ವಾಪಸ್ ಕಳಿಸಿ.

ಇಷ್ಟೆಲ್ಲಾ ಸುಧಾರಿಸಿದ್ರೂ ಈ ವಿಧಾನಕ್ಕೆ ಒಂದು ಮಿತಿ ಇದೆ, ಆ ಮಿತಿಯ ಮೇಲೆ ಪ್ರಪಂಚ ನಿಂತಿದೆ ಅನ್ನೋದು ನನಗೆ ಇಷ್ಟವಾದ ಭಾಗ. 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಮೂವರು ಕೊಟ್ಟ ಆರ್‌ಎಸ್‌ಎ ಗುಪ್ತಲಿಪಿಯಲ್ಲಿ ಎರಡು ದೊಡ್ಡ ಅವಿಭಾಜ್ಯಗಳನ್ನ ಗುಣಿಸಿ ಗುಣಲಬ್ಧವನ್ನ ಎಲ್ಲರಿಗೂ ಹೇಳ್ತಾರೆ, ಆ ಎರಡನ್ನ ಮಾತ್ರ ಮುಚ್ಚಿಡ್ತಾರೆ. ಗುಣಿಸೋದು ಕ್ಷಣದ ಕೆಲಸ, ಒಡೆಯೋದು ಅಲ್ಲ. ಆರ್‌ಎಸ್‌ಎ-250 ಅನ್ನೋ 250 ಅಂಕಿಯ ಸಂಖ್ಯೆಯನ್ನ 2020ರಲ್ಲಿ ಒಡೆದ್ರು, ನಮ್ಮದಕ್ಕಿಂತ ಎಷ್ಟೋ ಜಾಣ ವಿಧಾನದಿಂದ, ಸಾವಿರಾರು ಕೋರ್‌ಗಳನ್ನ ದುಡಿಸಿ. ನಮ್ಮ ಏಣಿ ಹಿಡ್ಕೊಂಡು ಹೋದ್ರೆ ಅದರ ಭಾಜಕ ಸಿಗೋಕೆ 125 ಅಂಕಿಯ ಸಂಖ್ಯೆವರೆಗೆ ಎಣಿಸಬೇಕು. ಸೆಕೆಂಡಿಗೆ ನೂರು ಕೋಟಿ ಭಾಗಾಕಾರ ಅಂದ್ಕೊಂಡ್ರೂ ಬೇಕಾಗೋ ಸೆಕೆಂಡುಗಳನ್ನ ಬರೆಯೋಕೆ 1ರ ಮುಂದೆ 115 ಸೊನ್ನೆ. ಬ್ರಹ್ಮಾಂಡದ ವಯಸ್ಸನ್ನ ಸೆಕೆಂಡಲ್ಲಿ ಬರೆದ್ರೆ ಬರೋದು 18 ಅಂಕಿ.

ರಾತ್ರಿ ಒಂದೂವರೆ ಆಗಿತ್ತು. ಹೋಗುವಾಗ ಅವನು ರೆಕಾರ್ಡ್ ಪುಸ್ತಕ ನನ್ನ ಟೇಬಲ್ ಮೇಲೇ ಮರೆತು ಹೋದ, ಬೆಳಿಗ್ಗೆ ಬಂದು ತಗೊಂಡ. ಲ್ಯಾಬಲ್ಲಿ ಅವನಿಗೆ ಬೇರೆಯದೇ ಪ್ರೋಗ್ರಾಂ ಬಂತು, ಮಸಾಅ ಕಂಡುಹಿಡಿಯೋದು. ಬಾಯಿಪಾಠ ಮಾಡಿರಲಿಲ್ಲವಂತೆ. ಎರಡೂ ಸಂಖ್ಯೆಗೆ ಏಣಿ ಹಾಕಿ, ಎರಡರಲ್ಲೂ ಬಂದ ಅವಿಭಾಜ್ಯಗಳನ್ನ ಗುಣಿಸಿ ಕೊಟ್ಟನಂತೆ. ಯೂಕ್ಲಿಡ್ ವಿಧಾನ ಇದಕ್ಕಿಂತ ಎಷ್ಟೋ ಚಿಕ್ಕದು, ವೇಗವೂ ಹೆಚ್ಚು. ಆದರೆ ಅವನದೂ ಓಡಿದೆ.

ನೀವೂ ಬರೆದು ಓಡಿಸಿ ನೋಡಿ: 12, 97, 1001, 999999, 1000001, ಮತ್ತೆ 600851475143. ಕೊನೆಯದಕ್ಕೆ ಇಂಟ್ ಸಾಲಲ್ಲ. ಉತ್ತರ ನಾನು ಕೊಡಲ್ಲ. ಬಂದ ಅಪವರ್ತನಗಳನ್ನೆಲ್ಲ ಗುಣಿಸಿ, ಕೊಟ್ಟ ಸಂಖ್ಯೆ ವಾಪಸ್ ಬರತ್ತಾ ನೋಡಿ. ಆ ಒಂದು ಗುಣಾಕಾರ ನಾನು ಫಸ್ಟ್ ಇಯರಲ್ಲಿ ಮಾಡಿರಲಿಲ್ಲ.